ರೋಗಿಗೂ ಒಂದು ಕುರ್ಚಿ

2005ನೇ ಇಸವಿಯ ಆಗಸ್ಟ್ ತಿಂಗಳು. ಪೂರ್ವ ಆಫ್ರಿಕಾದ ಉಗಾಂಡ ದೇಶದ ರಾಜಧಾನಿ ಕಂಪಾಲಕ್ಕೆ ದೂರದ ಜಿನೀವಾದಿಂದ ಒಂದು ಕೆಟ್ಟ ಸುದ್ದಿ ಬಂತು. ಏಡ್ಸ್, ಕ್ಷಯ ಮತ್ತು ಮಲೇರಿಯಾಗಳ ವಿರುದ್ಧ ಹೋರಾಡಲು ಆ ದೇಶಕ್ಕೆ ಮಂಜೂರಾಗಿದ್ದ ಐದೂ ಅನುದಾನಗಳನ್ನು ತಡೆಹಿಡಿಯಲಾಗಿದೆ ಎಂಬುದೇ ಆ ಸುದ್ದಿ. ಎರಡು ವರ್ಷಗಳಿಗೆಂದು ಮಂಜೂರಾಗಿದ್ದ ಮೊತ್ತ ಸುಮಾರು 20 ಕೋಟಿ ಡಾಲರ್. ಅದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಮಾತ್ರ ಆಗ ಬಿಡುಗಡೆಯಾಗಿತ್ತು. ಬಂದ ಹಣದ ಲೆಕ್ಕವೇ ಸರಿಯಿಲ್ಲ, ಇನ್ನುಳಿದದ್ದನ್ನು ಹೇಗೆ ಕೊಡುವುದು ಎಂದು ಹಣ ಕೊಡುವ ಸಂಸ್ಥೆ ಕೇಳಿತ್ತು.

ಅಂಗಡಿಯ ಸಾಲ ನಿಂತರೆ ಅಂಗಡಿ ಮುಚ್ಚಬಹುದು, ರಸ್ತೆಯ ಹಣ ನಿಂತರೆ ರಸ್ತೆ ಅರ್ಧಕ್ಕೆ ನಿಲ್ಲಬಹುದು. ಔಷಧದ ಹಣ ನಿಂತರೆ? ಏಡ್ಸ್ ರೋಗಿ ಮಾತ್ರೆಯನ್ನು ಬದುಕಿರುವವರೆಗೂ ಪ್ರತಿದಿನ ನುಂಗಬೇಕು. ಕ್ಷಯ ರೋಗಿ ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ನಡುವೆ ಬಿಟ್ಟರೆ ರೋಗಾಣು ಆ ಔಷಧಕ್ಕೆ ಜಗ್ಗದಷ್ಟು ಬಲಿತುಬಿಡುತ್ತದೆ. ಜೀವ ಉಳಿಸುವ ಔಷಧಗಳಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದಾಗಿ ಜಿನೀವಾದ ಸಂಸ್ಥೆ ಭರವಸೆ ಕೊಟ್ಟಿತು, ನಿಜ. ಆದರೆ ಯಾರೋ ಕಚೇರಿಯಲ್ಲಿ ಮಾಡಿದ ತಪ್ಪಿಗೆ ಆತಂಕಪಡಬೇಕಾಗಿ ಬಂದದ್ದು ಹಳ್ಳಿಯ ಆಸ್ಪತ್ರೆಯ ಮುಂದೆ ಸಾಲಿನಲ್ಲಿ ನಿಂತ ರೋಗಿ.

ಹಾಗಾದರೆ ಇಷ್ಟು ದೊಡ್ಡ ಹಣವನ್ನು ಕಾಯುವವರು ಯಾರು? ದೇಶದಿಂದ ದೇಶಕ್ಕೆ ಹರಿಯುವ ಈ ಹಣ ಹಾದಿಯಲ್ಲಿ ಸೋರದಂತೆ ನೋಡಿಕೊಳ್ಳುವ ಏರ್ಪಾಡು ಏನಾದರೂ ಇದೆಯೇ? ಇದೆ. ಹೊರಗೆ ಹೆಚ್ಚು ಹೆಸರು ಕೇಳದ, ಆದರೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಮಾಡುವ ಒಂದು ಸಮಿತಿಯ ಕಥೆ ಇದು.

ದಿನಕ್ಕೆ ಒಂದು ಡಾಲರ್

ಈ ಶತಮಾನ ಆರಂಭವಾದಾಗ ಏಡ್ಸ್, ಕ್ಷಯ, ಮಲೇರಿಯಾ ಮೂರೂ ಸೇರಿ ವರ್ಷಕ್ಕೆ ಸುಮಾರು 60 ಲಕ್ಷ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದವು ಎಂದು ಅಂದಾಜು. ಹೀಗೆ ಸತ್ತವರಲ್ಲಿ ಬಹುಪಾಲು ಬಡ ದೇಶಗಳವರು. ಏಡ್ಸ್ ರೋಗಿಯನ್ನು ಬದುಕಿಸಬಲ್ಲ ಔಷಧಗಳು 1996ರ ಹೊತ್ತಿಗೇ ಬಂದಿದ್ದವು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ ತಗಲುತ್ತಿದ್ದ ವೆಚ್ಚ 10 ಸಾವಿರ ಡಾಲರ್‌ಗೂ ಮಿಗಿಲು. ಔಷಧ ಶ್ರೀಮಂತ ದೇಶಗಳಲ್ಲಿ, ರೋಗಿ ಬಡ ದೇಶಗಳಲ್ಲಿ ಎಂಬಂತಾಗಿತ್ತು ಸ್ಥಿತಿ.

2001ರ ಫೆಬ್ರವರಿಯಲ್ಲಿ ಈ ಸ್ಥಿತಿ ಅಲುಗಾಡಿತು. ಅದನ್ನು ಅಲುಗಾಡಿಸಿದ್ದು ಮುಂಬೈಯ ಸಿಪ್ಲಾ ಎಂಬ ಔಷಧ ಕಂಪನಿ. ಅದರ ಮುಖ್ಯಸ್ಥ ಯೂಸುಫ್ ಹಮೀದ್, ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರ್ ದರದಲ್ಲಿ ಒಂದು ಅಂತರರಾಷ್ಟ್ರೀಯ ವೈದ್ಯ ಸೇವಾ ಸಂಸ್ಥೆಗೆ ಕೊಡುವುದಾಗಿ ಘೋಷಿಸಿದರು. ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆ. ಬಡವರಿಗೆ ಈ ಚಿಕಿತ್ಸೆ ಕೊಡುವುದು ಅಸಾಧ್ಯ ಎನ್ನುತ್ತಿದ್ದವರ ಬಾಯಿ ಕಟ್ಟಿತು. ಇನ್ನು ಬೇಕಾದದ್ದು ಹಣ.

ಅದೇ ವರ್ಷದ ಏಪ್ರಿಲ್‌ನಲ್ಲಿ ನೈಜೀರಿಯದ ಅಬುಜದಲ್ಲಿ ಆಫ್ರಿಕಾದ ನಾಯಕರ ಸಮಾವೇಶ ನಡೆಯಿತು. ಆಗ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್, ಈ ರೋಗಗಳ ವಿರುದ್ಧದ ಯುದ್ಧಕ್ಕೆ ವರ್ಷಕ್ಕೆ 700ರಿಂದ 1,000 ಕೋಟಿ ಡಾಲರ್ ಬೇಕು ಎಂದು ಅಲ್ಲಿ ಕರೆಕೊಟ್ಟರು. 2002ರ ಜನವರಿಯಲ್ಲಿ ಜಿನೀವಾದಲ್ಲಿ 'ಗ್ಲೋಬಲ್ ಫಂಡ್' ಎಂಬ ಸಂಸ್ಥೆ ಹುಟ್ಟಿತು. ಸರ್ಕಾರಗಳು, ದತ್ತಿ ಸಂಸ್ಥೆಗಳು ಮತ್ತು ಕಂಪನಿಗಳು ಹಣ ಹಾಕುವ ಒಂದು ದೊಡ್ಡ ಹುಂಡಿ ಎಂದು ಇದನ್ನು ಕರೆಯಬಹುದು.

ಹುಂಡಿಯೇನೋ ತುಂಬತೊಡಗಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಹಣವನ್ನು ನೇರವಾಗಿ ಸರ್ಕಾರಗಳ ಕೈಗೆ ಕೊಟ್ಟು ಸುಮ್ಮನಾದರೆ ಅದು ರೋಗಿಯನ್ನು ತಲುಪುತ್ತದೆಂಬ ಖಾತರಿಯಿಲ್ಲ. ಹಾಗೆಂದು ಜಿನೀವಾದ ಅಧಿಕಾರಿಗಳೇ ಪ್ರತಿ ದೇಶದಲ್ಲೂ ಕಚೇರಿ ತೆರೆದರೆ ಅದು ಇನ್ನೊಂದು ಬಗೆಯ ದೊರೆತನವಾಗುತ್ತದೆ. ಒಂದು ದೇಶದ ಕಷ್ಟ ಆ ದೇಶದವರಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ಗ್ಲೋಬಲ್ ಫಂಡ್ ಯಾವ ದೇಶದಲ್ಲೂ ತನ್ನ ಶಾಖಾ ಕಚೇರಿ ತೆರೆಯಲಿಲ್ಲ. ಅದರ ಬದಲು ಒಂದು ಷರತ್ತು ಹಾಕಿತು: ಹಣ ಬೇಕಾದರೆ ನಿಮ್ಮ ದೇಶದಲ್ಲಿ ಎಲ್ಲರೂ ಸೇರಿದ ಒಂದು ಸಮಿತಿ ಮಾಡಿಕೊಳ್ಳಿ, ಅರ್ಜಿ ಆ ಸಮಿತಿಯ ಮೂಲಕ ಬರಲಿ.

ಮೇಜಿನ ಸುತ್ತ ಯಾರ್ಯಾರು?

ಈ ಸಮಿತಿಯ ಅಧಿಕೃತ ಹೆಸರು ಸ್ವಲ್ಪ ಉದ್ದ: ಕಂಟ್ರಿ ಕೋಆರ್ಡಿನೇಟಿಂಗ್ ಮೆಕ್ಯಾನಿಸಂ. ಚಿಕ್ಕದಾಗಿ ಸಿಸಿಎಂ. ಕನ್ನಡದಲ್ಲಿ ರಾಷ್ಟ್ರೀಯ ಸಮನ್ವಯ ಸಮಿತಿ ಎನ್ನಬಹುದು.

ಕರ್ನಾಟಕದ ಪೋಷಕರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಗ್ಲೋಬಲ್ ಫಂಡಿಗೆ ಕರೆ ಹೋದ 2001ನೇ ಇಸವಿಯಲ್ಲೇ ಇಲ್ಲಿನ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಶಾಲೆಗೆ ಬರುವ ಹಣ ಸರ್ಕಾರದ್ದು, ಪಾಠ ಮಾಡುವವರು ಶಿಕ್ಷಕರು. ಆದರೆ ಆ ಹಣ ಸರಿಯಾಗಿ ಖರ್ಚಾಯಿತೇ ಎಂದು ನೋಡಲು ಮಕ್ಕಳ ತಂದೆತಾಯಂದಿರೇ ಸಮಿತಿಯಲ್ಲಿ ಕೂರುತ್ತಾರೆ. ಯಾಕೆಂದರೆ ಶಾಲೆ ಕೆಟ್ಟರೆ ನಷ್ಟವಾಗುವುದು ಅವರ ಮಕ್ಕಳಿಗೆ. ಸಿಸಿಎಂನ ಹಿಂದಿರುವ ಆಲೋಚನೆಯೂ ಇದೇ, ಅಳತೆ ಮಾತ್ರ ಇಡೀ ದೇಶದ್ದು.

ಸಮಿತಿಯಲ್ಲಿ ಆರೋಗ್ಯ ಇಲಾಖೆಯ ಅಧಿಕಾರಿಗಳು ಇರುತ್ತಾರೆ. ಸ್ವಯಂಸೇವಾ ಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಧಾರ್ಮಿಕ ಸಂಸ್ಥೆಗಳು, ಖಾಸಗಿ ಉದ್ಯಮಗಳು, ವಿಶ್ವ ಆರೋಗ್ಯ ಸಂಸ್ಥೆಯಂಥ ಅಂತರರಾಷ್ಟ್ರೀಯ ಸಂಸ್ಥೆಗಳ ಪ್ರತಿನಿಧಿಗಳು ಇರುತ್ತಾರೆ. ಇವರೆಲ್ಲರ ಜೊತೆಗೆ ಆ ರೋಗಗಳನ್ನು ಸ್ವತಃ ಅನುಭವಿಸಿದವರು ಇರಲೇಬೇಕು. ಇದು ಸಲಹೆಯಲ್ಲ, ನಿಯಮ. ಇದನ್ನು ಪಾಲಿಸದ ಸಮಿತಿಯ ಅರ್ಜಿಗೆ ಅರ್ಹತೆಯೇ ಇಲ್ಲ. ಸರ್ಕಾರೇತರ ಸದಸ್ಯರನ್ನು ಸಚಿವರು ನೇಮಿಸುವಂತಿಲ್ಲ. ಆಯಾ ವಲಯದವರೇ ತಮ್ಮ ಪ್ರತಿನಿಧಿಯನ್ನು ಆರಿಸಿ ಕಳಿಸಬೇಕು. ಒಟ್ಟು ಸದಸ್ಯರಲ್ಲಿ ಶೇಕಡ 40ರಷ್ಟಾದರೂ ನಾಗರಿಕ ಸಂಘಸಂಸ್ಥೆಗಳವರಿರಲಿ ಎಂಬುದು ಗ್ಲೋಬಲ್ ಫಂಡಿನ ಶಿಫಾರಸು.

ಸಮಿತಿಯ ಮುಖ್ಯ ಕೆಲಸಗಳು ಮೂರು. ಮೊದಲನೆಯದು, ದೇಶಕ್ಕೆ ಏನು ಬೇಕು ಎಂದು ಚರ್ಚಿಸಿ ಅರ್ಜಿ ಸಿದ್ಧಪಡಿಸುವುದು. ಸೊಳ್ಳೆ ಪರದೆಯೇ, ಕ್ಷಯ ಪತ್ತೆ ಮಾಡುವ ಯಂತ್ರವೇ, ಆಪ್ತ ಸಲಹೆಗಾರರೇ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಎರಡನೆಯದು, ಹಣ ಪಡೆದು ಖರ್ಚು ಮಾಡುವ ಸಂಸ್ಥೆಯನ್ನು ಆರಿಸುವುದು. ಇದಕ್ಕೆ ಪ್ರಧಾನ ಸ್ವೀಕೃತಿದಾರ ಸಂಸ್ಥೆ ಎನ್ನುತ್ತಾರೆ. ಅದು ಸರ್ಕಾರದ ಇಲಾಖೆಯಾಗಿರಬಹುದು, ಸ್ವಯಂಸೇವಾ ಸಂಸ್ಥೆಯೂ ಆಗಿರಬಹುದು. ಮೂರನೆಯದು, ಕೆಲಸ ಹೇಳಿದಂತೆ ನಡೆಯುತ್ತಿದೆಯೇ ಎಂದು ಕಣ್ಣಿಟ್ಟು ನೋಡುವುದು.

ಇಲ್ಲೊಂದು ಸೂಕ್ಷ್ಮವಿದೆ. ಈ ರೋಗಗಳಿಗೆ ಬಂದ ಅನುದಾನ ಸಮಿತಿಯ ಕೈಗೆ ಸೇರುವುದಿಲ್ಲ. ಹಣ ಮುಟ್ಟುವವರು ಬೇರೆ, ಕಾಯುವವರು ಬೇರೆ. ಸಮಿತಿಯ ಸದಸ್ಯನೊಬ್ಬನ ಸಂಸ್ಥೆಯೇ ಹಣಕ್ಕೆ ಅರ್ಜಿ ಹಾಕಿದ್ದರೆ ಆ ವಿಷಯ ತೀರ್ಮಾನವಾಗುವಾಗ ಆತ ಹೊರಗೆ ಹೋಗಬೇಕು. ಇವೆಲ್ಲದರ ಮೇಲೆ, ಲೆಕ್ಕ ಪರಿಶೀಲಿಸಲು ಗ್ಲೋಬಲ್ ಫಂಡ್ ಪ್ರತಿ ದೇಶದಲ್ಲೂ ಒಂದು ಸ್ವತಂತ್ರ ಸಂಸ್ಥೆಯನ್ನು ಪ್ರತ್ಯೇಕವಾಗಿ ನೇಮಿಸಿಕೊಂಡಿರುತ್ತದೆ.

ಕುರ್ಚಿ ಸುಲಭವಾಗಿ ಸಿಗಲಿಲ್ಲ

ಮಂತ್ರಿ, ವೈದ್ಯ, ಅಧಿಕಾರಿಗಳ ಪಕ್ಕದಲ್ಲಿ ರೋಗಿ ಕೂರುವುದು ಇಂದು ನಿಯಮವಾಗಿದೆ. ಆದರೆ ಈ ಕುರ್ಚಿ ಯಾರೋ ಉದಾರವಾಗಿ ಕೊಟ್ಟದ್ದಲ್ಲ. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಆರೋಗ್ಯ ಸಮ್ಮೇಳನವೊಂದರಲ್ಲಿ ಏಡ್ಸ್ ರೋಗಿಗಳ ಚಿಕ್ಕ ಗುಂಪೊಂದು ವೇದಿಕೆಗೆ ಬಂದು ತನ್ನ ಬೇಡಿಕೆಗಳನ್ನು ಓದಿತು. ತಮ್ಮನ್ನು 'ಬಲಿಪಶು' ಎಂದು ಕರೆಯಬಾರದು, ತಮ್ಮ ಬಗ್ಗೆ ತೀರ್ಮಾನ ಮಾಡುವ ಸಭೆಗಳಲ್ಲಿ ತಾವೂ ಇರಬೇಕು ಎಂಬುದು ಅದರ ಸಾರ. ಹನ್ನೊಂದು ವರ್ಷಗಳ ಬಳಿಕ, 1994ರ ಡಿಸೆಂಬರ್ 1ರಂದು, ಪ್ಯಾರಿಸ್‌ನಲ್ಲಿ ಸೇರಿದ್ದ 42 ದೇಶಗಳು ಈ ತತ್ವವನ್ನು ಒಪ್ಪಿ ಸಹಿ ಹಾಕಿದವು.

ರೋಗಿ ಅಲ್ಲಿ ಕೂತು ಏನು ಮಾಡುತ್ತಾನೆ ಎಂದು ಕೇಳಬಹುದು. ಅಧಿಕಾರಿಯ ವರದಿಯಲ್ಲಿ ಜಿಲ್ಲಾ ಆಸ್ಪತ್ರೆಗೆ ಔಷಧ ತಲುಪಿದೆ ಎಂದಿರುತ್ತದೆ. ಔಷಧ ಕೊಡುವ ಕಿಟಕಿ ವಾರಕ್ಕೆ ಒಂದೇ ದಿನ ತೆರೆಯುತ್ತದೆ, ಆ ದಿನ ಕೂಲಿ ಬಿಟ್ಟು ಬರಬೇಕು, ಬಸ್ಸಿನ ಖರ್ಚು ಬೇರೆ, ಸಾಲಿನಲ್ಲಿ ನಿಂತರೆ ಊರಿನವರು ನೋಡುತ್ತಾರೆ ಎಂಬ ಭಯ ಬೇರೆ. ಇವು ವರದಿಯಲ್ಲಿ ಇರುವುದಿಲ್ಲ. ಇವನ್ನು ಹೇಳಬಲ್ಲವನು ಸಾಲಿನಲ್ಲಿ ನಿಂತವನೇ.

ಆದರೆ ಆ ಕುರ್ಚಿಯಲ್ಲಿ ಕೂರಲು ಧೈರ್ಯ ಬೇಕು. ಅಲ್ಲಿ ಕೂತವನು ತನಗೆ ಈ ರೋಗವಿದೆ ಎಂದು ಲೋಕಕ್ಕೆ ಹೇಳಿದಂತೆಯೇ. ಇನ್ನೊಂದು ತೊಡಕೂ ಇದೆ. ಎಚ್‌ಐವಿ ಜೀವನಪರ್ಯಂತದ ಸೋಂಕು, ಆದ್ದರಿಂದ ಆ ಸೋಂಕಿತರ ಸಂಘಗಳು ಬಲವಾಗಿವೆ. ಕ್ಷಯ ವಾಸಿಯಾದವನು ಆ ನೆನಪನ್ನೇ ಮರೆತು ಮನೆಗೆ ಹೋಗಬಯಸುತ್ತಾನೆ. ಮಲೇರಿಯಾ ಜ್ವರ ಇಳಿದರೆ ಮುಗಿಯಿತು, ಮಲೇರಿಯಾ ರೋಗಿಗಳ ಸಂಘ ಎಂಬುದು ಅಪರೂಪ. ಹಾಗಾಗಿ ಈ ಎರಡು ರೋಗಗಳ ಪರವಾಗಿ ಮಾತನಾಡುವವರನ್ನು ಹುಡುಕುವುದು ಎಷ್ಟೋ ದೇಶಗಳಿಗೆ ಸುಲಭವಲ್ಲ.

ಬೇಲಿಯೇ ಹೊಲ ಮೇಯ್ದಾಗ

ಈಗ ಮತ್ತೆ ಉಗಾಂಡಕ್ಕೆ ಬರೋಣ. ಏಡ್ಸ್ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡಿದ ಮೊದಲ ಆಫ್ರಿಕನ್ ದೇಶಗಳಲ್ಲಿ ಉಗಾಂಡವೂ ಒಂದು. ಅಲ್ಲಿನ ಮುಲಾಗೊ ಆಸ್ಪತ್ರೆಯಲ್ಲಿ ನೊಯೆರಿನ್ ಕಲೀಬ ಎಂಬ ಫಿಸಿಯೋಥೆರಪಿಸ್ಟ್ ಇದ್ದರು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಅವರ ಪತಿಗೆ ಏಡ್ಸ್ ಇರುವುದು 1986ರಲ್ಲಿ ಪತ್ತೆಯಾಯಿತು. 1987ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷ, ಸೋಂಕಿಗೆ ಒಳಗಾದ ಅಥವಾ ಮನೆಯವರ ಸೋಂಕಿನಿಂದ ನೊಂದ ಹದಿನಾರು ಮಂದಿ ಸೇರಿ 'ಟಾಸೊ' ಎಂಬ ಸಂಸ್ಥೆ ಕಟ್ಟಿದರು. ಅದರ ಮುಂಚೂಣಿಯಲ್ಲಿ ಕಲೀಬ ಇದ್ದರು. ರೋಗಿಯನ್ನು ದೂರವಿಡದೆ ಆರೈಕೆ ಮಾಡುವುದು, ರೋಗವಿದ್ದೂ ಗೌರವದಿಂದ ಬದುಕುವುದು ಹೇಗೆಂದು ತಿಳಿಹೇಳುವುದು ಅವರ ಕೆಲಸವಾಗಿತ್ತು. ಆಗ ಕೊಡಲು ಔಷಧವೇ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ಇಂಥ ದೇಶಕ್ಕೆ ಗ್ಲೋಬಲ್ ಫಂಡಿನ ಹಣ ಬಂದಾಗ ನಡೆದದ್ದೇನು? ಹಣಕ್ಕೆ ಅಧಿಕೃತವಾಗಿ ಹೊಣೆಗಾರನಾಗಿದ್ದುದು ಹಣಕಾಸು ಸಚಿವಾಲಯ. ಆದರೆ ನಿರ್ವಹಣೆಗೆಂದು ಆರೋಗ್ಯ ಸಚಿವಾಲಯದೊಳಗೆ ಒಂದು ಪ್ರತ್ಯೇಕ ಘಟಕ ಹುಟ್ಟಿಕೊಂಡಿತು. ಲೆಕ್ಕ ಪರಿಶೋಧಕರು ನೋಡಿದಾಗ ದಾಖಲೆಯಿಲ್ಲದ ಖರ್ಚುಗಳು, ವಿವರಣೆಯಿಲ್ಲದ ಪಾವತಿಗಳು, ಡಾಲರನ್ನು ಸ್ಥಳೀಯ ನಾಣ್ಯಕ್ಕೆ ಬದಲಿಸಿದ ಲೆಕ್ಕದಲ್ಲೇ ವ್ಯತ್ಯಾಸಗಳು ಕಂಡುಬಂದವು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು.

ಅನುದಾನ ನಿಂತ ಮೇಲೆ ಉಗಾಂಡದಲ್ಲಿ ನ್ಯಾಯಮೂರ್ತಿ ಜೇಮ್ಸ್ ಒಗೂಲ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ರಚನೆಯಾಯಿತು. ಸಾಕ್ಷಿಗಳ ವಿಚಾರಣೆ ಬಹಿರಂಗವಾಗಿ ನಡೆಯಿತು. ರೋಗಿಗಳ ಹೆಸರಿನಲ್ಲಿ ಬಂದ ಹಣ ಯಾರ ಯಾರ ಕೈಸೇರಿತು ಎಂಬುದನ್ನು ಇಡೀ ದೇಶ ಕೇಳಿತು. ಹೊಸ ವ್ಯವಸ್ಥೆಯ ಷರತ್ತಿನ ಮೇಲೆ 2005ರ ನವೆಂಬರ್‌ನಲ್ಲಿ ತಡೆ ತೆರವಾಯಿತು. 2009ರಲ್ಲಿ ಅಲ್ಲಿನ ಭ್ರಷ್ಟಾಚಾರ ನಿಗ್ರಹ ನ್ಯಾಯಾಲಯ, ಈ ಹಣ ದುರುಪಯೋಗಪಡಿಸಿಕೊಂಡ ಒಬ್ಬ ಉನ್ನತ ಅಧಿಕಾರಿಗೆ 10 ವರ್ಷ ಜೈಲು ಶಿಕ್ಷೆ ವಿಧಿಸಿತು.

ಕಥೆಯ ಮುಂದಿನ ತಿರುವು ಹೆಚ್ಚು ಅರ್ಥಪೂರ್ಣವಾದದ್ದು. ಮುಂದಿನ ದಶಕದಲ್ಲಿ ಉಗಾಂಡದ ಹಣಕಾಸು ಸಚಿವಾಲಯದ ಜೊತೆಗೆ ಇನ್ನೊಂದು ಸಂಸ್ಥೆಯೂ ಗ್ಲೋಬಲ್ ಫಂಡಿನ ಹಣದ ಪ್ರಧಾನ ಸ್ವೀಕೃತಿದಾರನಾಯಿತು. ಆ ಸಂಸ್ಥೆ ಬೇರಾವುದೂ ಅಲ್ಲ, ಟಾಸೊ. 1987ರಲ್ಲಿ ಕೈಯಲ್ಲಿ ಒಂದು ಮಾತ್ರೆಯೂ ಇಲ್ಲದೆ ಹದಿನಾರು ಜನ ಆರಂಭಿಸಿದ ಗುಂಪಿಗೆ ದೇಶದ ಹಣದ ಒಂದು ಪಾಲನ್ನು ನಂಬಿ ಒಪ್ಪಿಸಲಾಯಿತು.

ಎಲ್ಲವೂ ಸರಿಯಿಲ್ಲ

ಈ ಸಮಿತಿಗಳು ಎಲ್ಲ ಕಡೆಯೂ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ತಿಳಿದರೆ ತಪ್ಪಾಗುತ್ತದೆ. ಅರ್ಜಿ ಬರೆಯುವಾಗ ಇರುವ ಉತ್ಸಾಹ ಹಣ ಬಂದ ಮೇಲೆ ಇರುವುದಿಲ್ಲ. ಹಲವು ದೇಶಗಳಲ್ಲಿ ಸಮಿತಿ ಅರ್ಜಿಗೆ ಸಹಿ ಹಾಕಿ ನಿದ್ದೆಹೋಗುತ್ತಿತ್ತು. 2016ರಲ್ಲಿ ಗ್ಲೋಬಲ್ ಫಂಡಿನದೇ ಮಹಾ ತನಿಖಾಧಿಕಾರಿಯ ಕಚೇರಿ ಈ ಸಮಿತಿಗಳನ್ನು ಪರಿಶೀಲಿಸಿ, ಉಸ್ತುವಾರಿಯ ಕೆಲಸ ದುರ್ಬಲವಾಗಿದೆ ಎಂದು ಹೇಳಿತು. ಆರೋಗ್ಯ ಇಲಾಖೆಯ ಮುಖ್ಯಸ್ಥರೇ ಸಮಿತಿಯ ಅಧ್ಯಕ್ಷರಾದಾಗ, ಅದೇ ಇಲಾಖೆಯ ಲೆಕ್ಕವನ್ನು ಸಣ್ಣ ಸಂಸ್ಥೆಯ ಪ್ರತಿನಿಧಿಯೊಬ್ಬ ಹೇಗೆ ತಾನೇ ಪ್ರಶ್ನಿಸಿಯಾನು? ಕುರ್ಚಿ ಇದ್ದ ಮಾತ್ರಕ್ಕೆ ಬಾಯಿ ಬರುವುದಿಲ್ಲ. ಆದ್ದರಿಂದಲೇ ಅಧ್ಯಕ್ಷರು ಸರ್ಕಾರದವರಾದರೆ ಉಪಾಧ್ಯಕ್ಷರು ಸರ್ಕಾರದ ಹೊರಗಿನವರಾಗಿರಲಿ ಎಂಬ ಸಲಹೆ ಬಂದಿದೆ. ಲೆಕ್ಕಪತ್ರ ಓದುವುದನ್ನು ಸದಸ್ಯರಿಗೆ ಕಲಿಸುವ ತರಬೇತಿಗಳೂ ನಡೆಯುತ್ತವೆ.

ಇಷ್ಟೆಲ್ಲ ಕೊರತೆಗಳಿದ್ದರೂ ಫಲ ಸಣ್ಣದಲ್ಲ. ತಾನು ನೆರವು ನೀಡಿದ ಕಾರ್ಯಕ್ರಮಗಳಿಂದ 2002ರಿಂದ 2023ರ ಕೊನೆಯವರೆಗೆ 6.5 ಕೋಟಿ ಜೀವಗಳು ಉಳಿದಿವೆ ಎಂದು ಗ್ಲೋಬಲ್ ಫಂಡ್ 2024ರ ತನ್ನ ವರದಿಯಲ್ಲಿ ಅಂದಾಜಿಸಿದೆ.

ಭಾರತದ ಮೇಜು

ಭಾರತಕ್ಕೂ ಇಂಥದೊಂದು ಸಮಿತಿ ಇದೆ. ಕೇಂದ್ರ ಆರೋಗ್ಯ ಕಾರ್ಯದರ್ಶಿ ಅದರ ಅಧ್ಯಕ್ಷರು. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇರುವುದರಿಂದ ಇಲ್ಲಿನ ತೀರ್ಮಾನಗಳಿಗೆ ಮಹತ್ವ ಹೆಚ್ಚು. ಸರ್ಕಾರದ ಏಡ್ಸ್, ಕ್ಷಯ, ಮಲೇರಿಯಾ ಕಾರ್ಯಕ್ರಮಗಳ ಜೊತೆಗೆ ಹೊರಗಿನ ಸಂಸ್ಥೆಗಳೂ ಇಲ್ಲಿ ಹಣದ ಹೊಣೆ ಹೊತ್ತಿವೆ. ಭಾರತೀಯ ನರ್ಸಿಂಗ್ ಪರಿಷತ್ತು ಎಚ್‌ಐವಿ ಆರೈಕೆಯಲ್ಲಿ ದಾದಿಯರಿಗೆ ತರಬೇತಿ ಕೊಡಿಸಿತು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಆಪ್ತ ಸಲಹೆಗಾರರನ್ನು ಸಜ್ಜುಗೊಳಿಸಿತು. 2010ರಲ್ಲಿ ಆರಂಭವಾದ 'ಅಕ್ಷಯ' ಯೋಜನೆ ಕ್ಷಯ ಪತ್ತೆಯ ಕೆಲಸವನ್ನು ನೂರಾರು ಜಿಲ್ಲೆಗಳ ಮನೆಬಾಗಿಲಿಗೆ ಒಯ್ದಿತು.

ಭಾರತ ಕೇವಲ ಕೈಚಾಚುವ ದೇಶವೂ ಅಲ್ಲ. 2020ರಿಂದ 2022ರವರೆಗಿನ ಅವಧಿಗೆ ಭಾರತ ಅದೇ ಹುಂಡಿಗೆ 2.2 ಕೋಟಿ ಡಾಲರ್ ಕೊಡುವುದಾಗಿ 2019ರಲ್ಲಿ ವಾಗ್ದಾನ ಮಾಡಿತು. ಅದಲ್ಲದೆ, ಆಫ್ರಿಕಾದ ರೋಗಿಗಳಿಗೆ ಈ ಹಣದಿಂದ ಕೊಳ್ಳುವ ಏಡ್ಸ್ ಔಷಧಗಳಲ್ಲಿ ಬಹುಪಾಲು ತಯಾರಾಗುವುದು ಭಾರತದ ಕಾರ್ಖಾನೆಗಳಲ್ಲೇ.

ಇಂದು ಈ ಸಮಿತಿಗಳ ಮುಂದೆ ಹಿಂದೆಂದೂ ಇಲ್ಲದ ಕಷ್ಟದ ಪ್ರಶ್ನೆ ಬಂದಿದೆ. 2025ರಲ್ಲಿ ಅಮೆರಿಕವೂ ಸೇರಿದಂತೆ ಶ್ರೀಮಂತ ದೇಶಗಳು ನೆರವನ್ನು ಕಡಿತಗೊಳಿಸಿದವು. ಆಗಲೇ ಮಂಜೂರಾಗಿದ್ದ ಅನುದಾನಗಳಲ್ಲೇ 140 ಕೋಟಿ ಡಾಲರ್‌ಗೂ ಹೆಚ್ಚು ಕಡಿತ ಮಾಡಬೇಕಾಗಿದೆ ಎಂದು ಗ್ಲೋಬಲ್ ಫಂಡ್ ಅದೇ ವರ್ಷ ದೇಶಗಳಿಗೆ ತಿಳಿಸಿತು. ಹಣ ಬಂದಾಗ ಏನು ಮಾಡೋಣ ಎಂದು ಕೇಳುವುದು ಸುಲಭ. ಹಣ ಕಡಿಮೆಯಾದಾಗ ಏನನ್ನು ಬಿಡೋಣ ಎಂದು ಕೇಳುವುದು ಕಠಿಣ. ಪರದೆಯೋ, ಪರೀಕ್ಷೆಯೋ, ಹಳ್ಳಿಗೆ ಹೋಗುವ ಕಾರ್ಯಕರ್ತೆಯ ಸಂಬಳವೋ? ಈ ಮಾತು ನಡೆಯುವಾಗ ಸಾಲಿನಲ್ಲಿ ನಿಂತವರ ಪ್ರತಿನಿಧಿ ಮೇಜಿನ ಬಳಿ ಇರುವುದಕ್ಕೂ ಇಲ್ಲದಿರುವುದಕ್ಕೂ ಅಪಾರ ವ್ಯತ್ಯಾಸವಿದೆ.

ರೋಗಗಳನ್ನು ಗೆಲ್ಲುವವರು ವೈದ್ಯರು ಮತ್ತು ವಿಜ್ಞಾನಿಗಳು ಮಾತ್ರ ಎಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ಲೆಕ್ಕಶಾಸ್ತ್ರ ಓದಿದವರು, ಅಂಕಿಸಂಖ್ಯೆ ಬಲ್ಲವರು, ಸಭೆಯ ನಡಾವಳಿಯನ್ನು ತಪ್ಪಿಲ್ಲದೆ ಬರೆಯುವವರು, ದಾಸ್ತಾನು ಪುಸ್ತಕ ತಿರುವಿ ನೋಡುವವರು ಕೂಡ ಈ ಯುದ್ಧದ ಸೈನಿಕರೇ. ಇನ್ನು ಪೋಷಕರಿಗೆ ಜಿನೀವಾ ದೂರವಿರಬಹುದು, ಕಂಪಾಲವೂ ದೂರವಿರಬಹುದು. ಶಾಲೆಯ ಎಸ್‌ಡಿಎಂಸಿ ಸಭೆ ದೂರವಿಲ್ಲ. ಮುಂದಿನ ಸಭೆಯಲ್ಲಿ ಮಗುವಿನ ತಾಯಿಯೊಬ್ಬಳು ಎದ್ದು ನಿಂತು, ಈ ವರ್ಷ ಎಷ್ಟು ಹಣ ಬಂತು, ಎಲ್ಲಿ ಖರ್ಚಾಯಿತು ಎಂದು ಕೇಳಿದರೆ ಅವಳು ಮಾಡುವುದೂ ಇದೇ ಕೆಲಸ. ಮಗ ಅಥವಾ ಮಗಳು ಅದನ್ನು ನೋಡಿ ಕಲಿತರೆ, ಮುಂದೊಂದು ದಿನ ಇನ್ನೂ ದೊಡ್ಡ ಮೇಜಿನ ಮುಂದೆ ಕೂತು ಅದೇ ಪ್ರಶ್ನೆ ಕೇಳಲು ಅವರು ಹಿಂಜರಿಯಲಾರರು.